ಕಪ್ ತೆಗೆದ ಮೇಲಿನ ಎರಡು ದಿನ

(ಹೆಗಲ ನೋವು ಮತ್ತು ಕಪ್ಪಿಂಗ್, ಅಂದರೆ ಚರ್ಮದ ಮೇಲೆ ಕಪ್ ಬೋರಲಿಟ್ಟು ಎಳೆಸುವ ಚಿಕಿತ್ಸೆಯ ಬಗ್ಗೆ ಬೆಂಗಳೂರಿನ ವಿಜಯನಗರದ ಒಂದು ಸಮುದಾಯ ಭವನದಲ್ಲಿ ಭಾನುವಾರ ಬೆಳಿಗ್ಗೆ ಆಡಿದ ಮಾತುಗಳು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ನಡುವೆ ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸಣ್ಣ ಕೆಲಸ. ಕೂತಲ್ಲೇ ಎರಡೂ ಕೈ ಮೇಲೆತ್ತಿ. ತೋಳು ಕಿವಿಗೆ ತಾಗಲಿ. ಈಗ ಇಳಿಸಿ. ಒಂದೊಂದೇ ಕೈಯನ್ನು ಬೆನ್ನ ಹಿಂದೆ ತೆಗೆದುಕೊಂಡು ಹೋಗಿ, ಹೆಬ್ಬೆರಳು ಎಲ್ಲಿಯವರೆಗೆ ಹೋಗುತ್ತದೆ ನೋಡಿ. ಎರಡೂ ಕಡೆ ಒಂದೇ ಎತ್ತರಕ್ಕೆ ಹೋಯಿತಾ? ಮುಂದಿನ ಸಾಲಿನಲ್ಲೇ ನಾಲ್ಕೈದು ಜನ ಮುಖ ಕಿವುಚಿದ್ದು ಕಾಣಿಸಿತು. ಇವತ್ತಿನ ಮಾತು ನಿಮಗೇ.

ಫಿಸಿಯೋಥೆರಪಿ ನನ್ನ ಕೆಲಸ. ನಮ್ಮ ಹತ್ತಿರ ಬರುವವರು ಯಾರೂ "ಭುಜದ ಕೀಲಿನ ತೊಂದರೆ" ಅಂತ ಬರುವುದಿಲ್ಲ. "ಬಿಎಂಟಿಸಿ ಬಸ್ಸಲ್ಲಿ ಮೇಲಿನ ಕಂಬಿ ಹಿಡಿಯೋಕೆ ಆಗ್ತಿಲ್ಲ" ಅಂತಾರೆ. "ಜಡೆ ಹಾಕ್ಕೊಳ್ಳೋಕೆ ಮಗಳನ್ನ ಕರೀಬೇಕು" ಅಂತಾರೆ. "ಹಿಂದಿನ ಜೇಬಿನಿಂದ ಪರ್ಸ್ ತೆಗೆಯೋಕೆ ಆಗಲ್ಲ, ಅಂಗಡಿಯವನೇ ಕೈ ಹಾಕಿ ತಗೊಂಡ" ಅಂತ ಒಬ್ಬರು ಹೇಳಿದ್ದರು. ಕಾರಣ ಕೇಳಿದರೆ ಹತ್ತರಲ್ಲಿ ಆರು ಜನರ ಉತ್ತರ ಒಂದೇ: "ಗ್ಯಾಸ್ ಸಿಕ್ಕಾಕ್ಕೊಂಡಿದೆ ಮೇಡಂ". ಅದರ ಹಿಂದೆಯೇ ಇನ್ನೊಂದು ಮಾತು: "ಕಪ್ ಹಾಕಿ ಎಳೆದುಬಿಡಿ, ಹೊರಗೆ ಬರುತ್ತೆ."

ಮೊನ್ನೆ ಪೀಣ್ಯ ಕಡೆಯ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಒಬ್ಬ ಅಕ್ಕ ಬಂದಿದ್ದರು. ದಿನಕ್ಕೆ ಎಂಟು ಗಂಟೆ ಮಿಷಿನ್ ಮುಂದೆ ಬಗ್ಗಿ ಕೂರುವ ಕೆಲಸ. ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು ಇದೆಯಲ್ಲ, ನೀರಿನ ಕೊಡ ಹೊತ್ತಾಗ ಕೊಡದ ಭಾರ ಬೀಳುವ ಜಾಗ, ಅದು ಅವರಿಗೆ ಹುರಿ ಹಾಕಿದ ಹಗ್ಗದ ಹಾಗಿತ್ತು. ಬೆರಳಿಟ್ಟರೆ ಹುಣಸೆ ಬೀಜದಷ್ಟು ಗಂಟು ಸಿಗುತ್ತಿತ್ತು. ಒತ್ತಿದರೆ ನೋವು ಕಿವಿಯ ಹಿಂದಕ್ಕೆ ಹೋಗುತ್ತೆ ಅಂದರು. ಕೈ ಮಾತ್ರ ಪೂರ್ತಿ ಮೇಲೆ ಹೋಗುತ್ತಿತ್ತು.

ಅವರಿಗೆ ನಾನು ಕಪ್ ಹಾಕಿದೆ. ಹೇಗೆ ಹಾಕುತ್ತಾರೆ ಅಂತ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಮೊದಲು ಚರ್ಮಕ್ಕೆ ತೆಳುವಾಗಿ ಎಣ್ಣೆ ಸವರುತ್ತೇವೆ. ಎಣ್ಣೆ ಇದ್ದರೆ ಅಂಚು ಚೆನ್ನಾಗಿ ಕೂರುತ್ತದೆ, ಗಾಳಿ ಸೋರುವುದಿಲ್ಲ. ಪ್ಲಾಸ್ಟಿಕ್ ಕಪ್ಪನ್ನು ಬೋರಲಾಗಿಟ್ಟು ಮೇಲಿನ ಮೂತಿಗೆ ಕೈಪಂಪ್ ಸಿಕ್ಕಿಸಿ ಎರಡು ಸಲ ಎಳೆದರೆ ಚರ್ಮ ಒಳಗೆ ಉಬ್ಬುತ್ತದೆ. ಒಲೆ ಮೇಲೆ ಪೂರಿ ಉಬ್ಬುತ್ತಲ್ಲ, ಹಾಗೆ ನಿಧಾನವಾಗಿ. ಮೊದಲು ಗುಲಾಬಿ ಬಣ್ಣ, ಎರಡು ಮೂರು ನಿಮಿಷಕ್ಕೆ ಕೆಂಪು, ಗಟ್ಟಿಯಾಗಿ ಎಳೆದಿದ್ದರೆ ನೇರಳೆ ಹಣ್ಣಿನ ಬಣ್ಣ. ಐದರಿಂದ ಹತ್ತು ನಿಮಿಷ ಸಾಕು. ತೆಗೆಯುವಾಗ ಮೂತಿಯ ಪಿನ್ ಎತ್ತಿದರೆ "ಟುಸ್" ಅಂತ ಗಾಳಿ ಒಳಗೆ ಹೋಗುತ್ತದೆ, ಕಪ್ ತಾನಾಗೇ ಕೈಗೆ ಬರುತ್ತದೆ. ಆ ಸದ್ದು ಕೇಳಿದ ತಕ್ಷಣ ಆ ಅಕ್ಕ ಉದ್ದಕ್ಕೆ ಉಸಿರುಬಿಟ್ಟರು. "ಹೆಗಲ ಮೇಲಿಂದ ಯಾರೋ ಇಳಿದು ಹೋದ ಹಾಗಾಯ್ತು" ಅಂದರು.

ಆ ಹಗುರ ನಿಜ. ಅದನ್ನು ನಾನು ಯಾವತ್ತೂ ಸುಳ್ಳು ಅನ್ನುವುದಿಲ್ಲ. ಆದರೆ ಅದು ಎಲ್ಲಿಂದ ಬಂತು, ಎಷ್ಟು ದಿನ ಇರುತ್ತದೆ, ಯಾರಿಗೆ ಬರುವುದಿಲ್ಲ, ಇದು ನಿಮಗೆ ಗೊತ್ತಿರಬೇಕು. ಅದಕ್ಕೇ ಇವತ್ತು ಬಂದಿದ್ದೇನೆ.

ಕಪ್ ಹೊಸದಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕೆಲ್ ಫೆಲ್ಪ್ಸ್ ಹೆಗಲ ಮೇಲೆ ದುಂಡು ದುಂಡು ಕಲೆ ನೋಡಿ ನಮ್ಮ ಹುಡುಗರು ಇದೇನೋ ಅಮೆರಿಕದ್ದು ಅಂದುಕೊಂಡರು. ನಮ್ಮ ಸುಶ್ರುತ ಸಂಹಿತೆಯಲ್ಲೇ ಹಸುವಿನ ಕೊಂಬು, ಜಿಗಣೆ, ಸೋರೆ ಬುರುಡೆ ಮೂರನ್ನೂ ಹೇಳಿದೆ. ವಾತಕ್ಕೆ ಕೊಂಬು, ಪಿತ್ತಕ್ಕೆ ಜಿಗಣೆ, ಕಫಕ್ಕೆ ಸೋರೆ ಬುರುಡೆ. ಕೊಂಬನ್ನು ಬಾಯಿಂದ ಹೀರುತ್ತಿದ್ದರು. ಬುರುಡೆಯೊಳಗೆ ದೀಪ ಇಟ್ಟು ಎಳೆಸುತ್ತಿದ್ದರು. ಹೊಟ್ಟೆ ನೋವು ಬಂದಾಗ ಹೊಕ್ಕುಳ ಮೇಲೆ ಸಣ್ಣ ದೀಪ ಇಟ್ಟು ಚೊಂಬು ಬೋರಲು ಹಾಕುವುದನ್ನು ನಿಮ್ಮಲ್ಲಿ ಕೆಲವರು ಊರಲ್ಲಿ ನೋಡಿರಬಹುದು. ದೀಪಕ್ಕೆ ಒಳಗಿನ ಗಾಳಿ ಕಾಯುತ್ತದೆ, ದೀಪ ಆರಿದ ಮೇಲೆ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಚೊಂಬು ಚರ್ಮವನ್ನು ಎಳೆದುಕೊಳ್ಳುತ್ತದೆ. ಇವತ್ತಿನ ಕೈಪಂಪ್ ಮಾಡುವುದೂ ಅದೇ ಕೆಲಸ, ಬೆಂಕಿಯ ಭಯ ಮಾತ್ರ ಇಲ್ಲ.

ಯುನಾನಿ ವೈದ್ಯ ಪದ್ಧತಿಯಲ್ಲಿ ಇದಕ್ಕೆ ಹಿಜಾಮಾ ಅನ್ನುತ್ತಾರೆ. ಮುಸ್ಲಿಂ ಮನೆಗಳಲ್ಲಿ ಇದಕ್ಕೆ ಧಾರ್ಮಿಕ ಗೌರವವೂ ಇದೆ. ಚರ್ಮ ಗೀರದೆ ಬರೀ ಎಳೆಯುವುದು ಒಂದು ಬಗೆ, ಸಣ್ಣಗೆ ಗೀರಿ ರಕ್ತ ತೆಗೆಯುವುದು ಇನ್ನೊಂದು ಬಗೆ. ನಮ್ಮ ಬೆಂಗಳೂರಲ್ಲೇ, ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ, ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಕೇಂದ್ರ ಸರ್ಕಾರದ್ದು. ಇಲ್ಲಿಂದ ಬಸ್ಸಲ್ಲಿ ಹೋಗಿ ಬರುವಷ್ಟೇ ದೂರ. ರಕ್ತ ತೆಗೆಯುವ ಹಿಜಾಮಾ ಮಾಡಿಸಲೇಬೇಕು ಅಂತಿದ್ದರೆ ಓದಿದ ಯುನಾನಿ ವೈದ್ಯರ ಹತ್ತಿರ ಹೋಗಿ. ಗಲ್ಲಿ ಕೊನೆಯ ಸಲೂನಿನಲ್ಲಿ ಬೇಡ.

"ಆ ಕಪ್ಪು ರಕ್ತ ಹೊರಗೆ ಬರುತ್ತಲ್ಲ ಮೇಡಂ, ಅದು ಕೆಟ್ಟ ರಕ್ತ ಅಲ್ವಾ?" ಅಂತ ಹಿಂದಿನ ಸಾಲಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಕಪ್ ಒಳಗೆ ಜೆಲ್ಲಿ ಥರ ಕಪ್ಪಗೆ ಕೂತಿರುವುದು ಹೆಪ್ಪುಗಟ್ಟಿದ ರಕ್ತ. ಯಾರ ರಕ್ತವಾದರೂ ಮೈಯಿಂದ ಹೊರಗೆ ಬಂದು ಐದು ಹತ್ತು ನಿಮಿಷ ನಿಂತರೆ ಹಾಗೇ ಆಗುತ್ತದೆ. ಆರೋಗ್ಯವಾಗಿರುವವರದ್ದೂ ಅಷ್ಟೇ. ರಕ್ತವನ್ನು ಶುಚಿ ಮಾಡುವ ಕೆಲಸವನ್ನು ಮೂತ್ರಪಿಂಡ, ಯಕೃತ್ತು ಹಗಲೂ ರಾತ್ರಿ ಮಾಡುತ್ತಿವೆ. ಹೆಗಲಲ್ಲಿ ಬೇರೆಯಾಗಿ ಕೆಟ್ಟ ರಕ್ತ ಶೇಖರವಾಗಿ ಕೂರುವುದಿಲ್ಲ. ಚರ್ಮ ಗೀರದೆ ಹಾಕುವ ಒಣ ಕಪ್ ಬಿಡುವ ಕಲೆಯೂ ಹಾಗೇ. "ಕಲೆ ಕಪ್ಪಗಿದ್ದರೆ ವಿಷ ಜಾಸ್ತಿ" ಅನ್ನುತ್ತಾರೆ. ಎಳೆತಕ್ಕೆ ಕೂದಲಿಗಿಂತ ಸಣ್ಣ ರಕ್ತನಾಳಗಳು ಒಡೆದು ಚರ್ಮದ ಕೆಳಗೆ ರಕ್ತ ಸೋರಿದ ಗುರುತು ಅದು. ಮಂಚದ ಮೂಲೆ ತಾಗಿ ಮೊಣಕಾಲು ಕಂದುಗಟ್ಟಿದ ಹಾಗೆ. ಕೆಲವು ದಿನದಿಂದ ಎರಡು ವಾರದೊಳಗೆ ಮಾಯುತ್ತದೆ. ಕಲೆ ಎಷ್ಟು ಕಪ್ಪೋ ಅಷ್ಟು ಒಳ್ಳೆಯದು ಅಂತ ಜೋರಾಗಿ ಎಳೆಸಿಕೊಳ್ಳಬೇಡಿ. ಅದರಿಂದ ಏನೂ ಲಾಭವಿಲ್ಲ.

ಹಾಗಾದರೆ ಹಗುರ ಯಾಕಾಗುತ್ತದೆ? ಮೊಣಕೈ ಬಾಗಿಲಿಗೆ ಬಡಿದರೆ ನಾವು ಮೊದಲು ಮಾಡುವುದೇನು? ಉಜ್ಜುತ್ತೇವೆ. ಉಜ್ಜಿದರೆ ನೋವು ಕಡಿಮೆ ಅನಿಸುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಒಂದು ಗೇಟ್ ಇದ್ದ ಹಾಗೆ. ಮುಟ್ಟಿದ, ಎಳೆದ, ಒತ್ತಿದ ಸುದ್ದಿ ಜಾಸ್ತಿ ಬಂದರೆ ನೋವಿನ ಸುದ್ದಿಗೆ ಆ ಗೇಟು ಅರ್ಧ ಮುಚ್ಚುತ್ತದೆ. ಕಪ್ಪಿನ ಎಳೆತ ಆ ಬಗೆಯ ಸುದ್ದಿ ಅಂತ ತಿಳಿದುಕೊಳ್ಳಬಹುದು. ಜೊತೆಗೆ ಆ ಜಾಗಕ್ಕೆ ರಕ್ತ ಓಡುತ್ತದೆ, ಬೆಚ್ಚಗಾಗುತ್ತದೆ, ಬಿಗಿದ ಸ್ನಾಯು ಸ್ವಲ್ಪ ಸಡಿಲವಾಗುತ್ತದೆ. ಒಬ್ಬರು ಹತ್ತು ನಿಮಿಷ ನಿಮ್ಮ ನೋವಿನ ಮೇಲೆ ಕೈಯಿಟ್ಟು ಗಮನ ಕೊಟ್ಟರಲ್ಲ, ಅದೂ ಔಷಧಿಯೇ. ಸಂಶೋಧಕರು ಇದನ್ನೂ ಪರೀಕ್ಷೆ ಮಾಡಿದ್ದಾರೆ. ಗಾಳಿ ಸೋರಿಹೋಗುವಂತೆ ಸಣ್ಣ ತೂತು ಮಾಡಿದ ಸುಳ್ಳು ಕಪ್ಪುಗಳನ್ನು ಕೆಲವರಿಗೆ, ನಿಜವಾದವನ್ನು ಕೆಲವರಿಗೆ ಹಾಕಿ ನೋಡಿದ್ದಾರೆ. ಮೈಯೆಲ್ಲ ನೋಯುವ ಫೈಬ್ರೊಮಯಾಲ್ಜಿಯಾ ಇದ್ದವರಲ್ಲಿ ಜರ್ಮನಿಯಲ್ಲಿ, ಹಳೆಯ ಸೊಂಟ ನೋವಿದ್ದವರಲ್ಲಿ ಬ್ರೆಜಿಲ್‌ನಲ್ಲಿ ಇಂಥ ಪರೀಕ್ಷೆ ನಡೆದಿವೆ. ಎರಡರಲ್ಲೂ ನಿಜವಾದ ಕಪ್ ಸುಳ್ಳು ಕಪ್ಪಿಗಿಂತ ಮೇಲು ಅಂತ ಕಾಣಲಿಲ್ಲ. ಕುತ್ತಿಗೆ, ಹೆಗಲ ನೋವಿಗೆ ಸ್ವಲ್ಪ ದಿನದ ಆರಾಮ ಸಿಗುತ್ತದೆ ಅನ್ನುವ ಅಧ್ಯಯನಗಳೂ ಇವೆ. ಅವುಗಳಲ್ಲಿ ಹೆಚ್ಚಿನವು ಸಣ್ಣವು.

ನನ್ನ ಅನುಭವ ಹೇಳಲಾ? ಒಂದು ದಿನ, ಹೆಚ್ಚೆಂದರೆ ಎರಡು ದಿನ ಆರಾಮ. ಆಮೇಲೆ ಅದೇ ಮಿಷಿನ್, ಅದೇ ಕುರ್ಚಿ, ಅದೇ ಸಿಲ್ಕ್ ಬೋರ್ಡ್ ಟ್ರಾಫಿಕ್ಕು, ಅದೇ ನೋವು.

ಎಲ್ಲಾ ಹೆಗಲ ನೋವೂ ಒಂದೇ ಅಲ್ಲ. ಈ ಪಾಠವನ್ನು ನಾನು ಕಲಿತದ್ದು ಒಬ್ಬ ಟೈಲರ್ ಅವರಿಂದ. ನಾನಾಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ಅವರಿಗೆ ಐವತ್ತು ದಾಟಿತ್ತು, ಶುಗರ್ ಇತ್ತು. ಎಡ ಹೆಗಲು ನೋವು ಅಂತ ಬಂದರು. ನಾನು ವಾರಕ್ಕೊಂದು ಸಲ ಕಪ್ ಹಾಕಿದೆ. ಪ್ರತಿ ಸಲವೂ "ಹಾಯಾಗಿದೆ ಮೇಡಂ" ಅನ್ನುತ್ತಿದ್ದರು. ಆ ಮಾತು ನನಗೆ ಸಾಕಾಯಿತು. ಎಂಟು ವಾರ ಕಳೆಯಿತು. ಒಂದು ದಿನ ಗೋಡೆ ಮೇಲಿನ ಕ್ಯಾಲೆಂಡರ್ ತೋರಿಸಿ "ಹಬ್ಬ ಯಾವಾಗ?" ಅಂತ ಕೇಳಲು ಕೈ ಎತ್ತಿದರು. ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಮೊದಲ ದಿನ ಅದು ತಲೆಯವರೆಗೆ ಹೋಗುತ್ತಿತ್ತು. ಎಂಟು ವಾರ ನಾನು ಚರ್ಮದ ಮೇಲೆ ಕಪ್ ಇಟ್ಟುಕೊಂಡು ಕೂತಿದ್ದೆ, ಒಳಗೆ ಕೀಲು ಹೆಪ್ಪುಗಟ್ಟುತ್ತಾ ಹೋಗಿತ್ತು. ಅಳತೆ ಮಾಡಿ ಬರೆದಿಟ್ಟಿದ್ದರೆ ಎರಡನೇ ವಾರಕ್ಕೇ ಗೊತ್ತಾಗುತ್ತಿತ್ತು. ಆ ತಪ್ಪು ನನ್ನದು. ಅವತ್ತಿನಿಂದ ಕೈ ಎಷ್ಟು ಮೇಲೆ ಹೋಗುತ್ತದೆ ಅಂತ ಅಳೆಯದೆ ನಾನು ಯಾರಿಗೂ ಕಪ್ ಮುಟ್ಟಿಸಿಲ್ಲ.

ಅವರಿಗಿದ್ದದ್ದು ಫ್ರೋಜನ್ ಶೋಲ್ಡರ್. ಕಾಡ್‌ಮನ್ ಎಂಬ ಅಮೆರಿಕದ ಸರ್ಜನ್ 1934ರಲ್ಲಿ ಇಟ್ಟ ಹೆಸರು. ಭುಜದ ಕೀಲಿನ ಸುತ್ತ ಒಂದು ತೆಳು ಚೀಲ ಇದೆ. ಅದು ಉರಿಯೂತ ಬಂದು ದಪ್ಪವಾಗಿ, ಒದ್ದೆ ಬಟ್ಟೆ ಒಣಗಿ ಗಟ್ಟಿಯಾದ ಹಾಗೆ ಮುದುಡಿಕೊಳ್ಳುತ್ತದೆ. ಹೆಚ್ಚಾಗಿ ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ ಬರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ. ಸಾಮಾನ್ಯವಾಗಿ ನೂರು ಜನರಲ್ಲಿ ಸುಮಾರು 2ರಿಂದ 5 ಜನಕ್ಕೆ ಬಂದರೆ, ಶುಗರ್ ಇರುವವರಲ್ಲಿ 10ರಿಂದ 20 ಜನಕ್ಕೆ ಬರುತ್ತದೆ. ಈ ಸಭೆಯಲ್ಲಿ ಶುಗರ್ ಮಾತ್ರೆ ತಗೊಳ್ಳುವವರು ಎಷ್ಟು ಜನ ಅಂತ ಕೇಳಿದಾಗ ಎದ್ದ ಕೈಗಳನ್ನು ನೋಡಿದಿರಲ್ಲ. ಅದಕ್ಕೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಕಪ್ ಎಳೆಯುವುದು ಚರ್ಮ, ಅದರ ಕೆಳಗಿನ ಕೊಬ್ಬು, ಮೇಲ್ಪದರದ ಸ್ನಾಯು ಇಷ್ಟನ್ನೇ. ಕೀಲಿನ ಚೀಲ ತೋಳಿನ ದಪ್ಪ ಸ್ನಾಯುವಿನ ಅಡಿಯಲ್ಲಿ, ಮೂಳೆಗೆ ಅಂಟಿಕೊಂಡಿದೆ. ದಿಂಬಿನ ಕವರ್ ಹಿಡಿದು ಎಷ್ಟು ಎಳೆದರೂ ಒಳಗೆ ಗಂಟಾದ ಹತ್ತಿ ಬಿಡುವುದಿಲ್ಲ, ಅಲ್ವಾ?

ನಿಮ್ಮದು ಯಾವ ಬಗೆ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಳ್ಳಿ, ಮುಂಗೈ ಮುಂದಕ್ಕಿರಲಿ. ಈಗ ಬಾಗಿಲು ತೆಗೆದ ಹಾಗೆ ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಒಂದು ಕಡೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆ ಅಲ್ಲೇ ಸಿಕ್ಕಿಕೊಂಡರೆ, ಮನೆಯವರು ಮೆಲ್ಲಗೆ ಹಿಡಿದು ತಿರುಗಿಸಿದರೂ ಹೋಗದಿದ್ದರೆ, ಕೀಲು ಬಿಗಿಯುತ್ತಿದೆ ಅಂತ ಅನುಮಾನ ಪಡಬೇಕು. ನಿಮ್ಮಿಂದ ಎತ್ತಲು ಆಗುತ್ತಿಲ್ಲ, ಆದರೆ ಬೇರೆಯವರು ಎತ್ತಿದರೆ ಕೈ ಮೇಲೆ ಹೋಗುತ್ತದೆ ಅಂದರೆ ಅದು ಬೇರೆ ಕಥೆ. ಹೆಗಲ ಗುಂಡನ್ನು ಹಿಡಿದಿರುವ ನಾಲ್ಕು ಸ್ನಾಯುಗಳ ತುದಿ, ಅಂದರೆ ರೊಟೇಟರ್ ಕಫ್, ಹರಿದಿರಬಹುದು. ಗಾಡಿಯಿಂದ ಬಿದ್ದ ಮೇಲೆ ಹೀಗಾದರೆ ತಡ ಮಾಡದೆ ಮೂಳೆ ಡಾಕ್ಟರಿಗೆ ತೋರಿಸಿ. ಕುತ್ತಿಗೆ ತಿರುಗಿಸಿದಾಗ ನೋವು ಕೈಬೆರಳಿನವರೆಗೆ ಜುಮ್ ಅಂತ ಹರಿದರೆ ತೊಂದರೆ ಕುತ್ತಿಗೆಯಲ್ಲಿರಬಹುದು. ಜಿಡ್ಡಿನ ಊಟ ಆದ ಮೇಲೆ ಬಲ ಹೆಗಲು ನೋಯುತ್ತಿದ್ದರೆ ಪಿತ್ತಕೋಶದ ಕಲ್ಲನ್ನೂ ನೋಡಬೇಕು. ಯಾಕೆಂದರೆ ಪಿತ್ತಕೋಶದ ತೊಂದರೆ ಹೊಟ್ಟೆಯ ಮೇಲಿನ ವಪೆಗೆ, ಅಂದರೆ ಉಸಿರಾಟದ ಸ್ನಾಯುವಿಗೆ, ತಾಗಬಹುದು; ಅದರ ನರ ಹೊರಡುವುದು ಕುತ್ತಿಗೆಯಿಂದ, ಹೆಗಲ ಚರ್ಮದ ನರದ ಪಕ್ಕದಿಂದಲೇ.

ಇನ್ನೊಂದನ್ನು ದಯವಿಟ್ಟು ಮನೆಗೆ ಹೋಗಿ ಎಲ್ಲರಿಗೂ ಹೇಳಿ. ಎಡ ಹೆಗಲು, ಎಡ ತೋಳು ನೋವು, ಎದೆ ಬಿಗಿತ, ಬೆವರು, ಮೆಟ್ಟಿಲು ಹತ್ತಿದರೆ ಜಾಸ್ತಿ, ಕೂತರೆ ಕಡಿಮೆ. ಇದು ಗ್ಯಾಸ್ ಅಲ್ಲ. ಕಪ್ಪಿಗೂ ಎಣ್ಣೆಗೂ ಸಮಯ ಕಳೆಯಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಮೊದಲು ಇಸಿಜಿ ಮಾಡಿಸಿ.

ಹಾಗಾದರೆ ಕಪ್ ಬೇಡವೇ ಅಂತ ಸಭೆಯಲ್ಲಿ ಒಬ್ಬರು ಕೇಳಿದರು. ಬೇಡ ಅನ್ನುತ್ತಿಲ್ಲ. ಆ ಒಂದೆರಡು ದಿನದ ಆರಾಮವನ್ನು ನಾನು ಬಹಳ ಬೆಲೆಯುಳ್ಳದ್ದು ಅಂದುಕೊಂಡಿದ್ದೇನೆ. ನೋವಿದ್ದಾಗ ಯಾರೂ ಕೈ ಆಡಿಸುವುದಿಲ್ಲ. ಆಡಿಸದಿದ್ದರೆ ಇನ್ನೂ ಬಿಗಿಯುತ್ತದೆ. ಕಪ್ ತೆಗೆದ ಮೇಲೆ ನೋವು ಇಳಿದಿರುತ್ತಲ್ಲ, ಕೈಯಿಂದ ಕೆಲಸ ಮಾಡಿಸಬೇಕಾದ ಸಮಯ ಅದೇ. ನಮ್ಮ ಜನ ಮಾಡುವುದೇನು? ಆರಾಮಾಯಿತು ಅಂತ ಮನೆಗೆ ಹೋಗಿ ಮಲಗುತ್ತಾರೆ. ನೋವು ಬಂದಾಗ ಮತ್ತೆ ಕಪ್ಪಿಗೆ ಬರುತ್ತಾರೆ. ದುಡ್ಡು ಹೋಗುತ್ತದೆ, ತಿಂಗಳುಗಳು ಹೋಗುತ್ತವೆ.

ಆ ಗಾರ್ಮೆಂಟ್ಸ್ ಅಕ್ಕನಿಗೆ ಕಪ್ ತೆಗೆದ ತಕ್ಷಣ ಕುತ್ತಿಗೆ ಪಕ್ಕಕ್ಕೆ ವಾಲಿಸುವುದು, ಹೆಗಲು ಹಿಂದಕ್ಕೆ ತಿರುಗಿಸುವುದು, ಗೋಡೆಗೆ ಬೆನ್ನು ಕೊಟ್ಟು ಕೈ ಮೇಲಕ್ಕೆ ಜಾರಿಸುವುದು ಮಾಡಿಸಿದೆ. ಮಿಷಿನ್ ಮುಂದೆ ಪ್ರತಿ ಬಂಡಲ್ ಮುಗಿದಾಗ ಮೂರು ಸಲ ಹೆಗಲು ತಿರುಗಿಸಿ ಅಂದೆ. ಗಂಟೆ ನೋಡಿ ಮಾಡಿ ಅಂದರೆ ಯಾರೂ ಮಾಡುವುದಿಲ್ಲ. ಬಂಡಲ್ ಲೆಕ್ಕ ಅವರಿಗೆ ಹೇಗೂ ಇರುತ್ತದೆ. ಮೂರು ಸಲ ಕಪ್ ಹಾಕಿದೆ. ಆಮೇಲೆ ಬೇಕಾಗಲಿಲ್ಲ.

ಟೈಲರ್ ಅವರದು ಉದ್ದದ ದಾರಿ. ಮೂಳೆ ಡಾಕ್ಟರ್ ಕೀಲಿಗೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಶುಗರ್ ಇರುವವರಿಗೆ ಅದಾದ ಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ, ದಿನಾ ನೋಡಿಕೊಳ್ಳಬೇಕು. ಆಮೇಲೆ ವ್ಯಾಯಾಮ. ಟೇಬಲ್ ಹಿಡಿದು ಬಗ್ಗಿ, ನೋವಿರುವ ತೋಳನ್ನು ಬಾವಿಗೆ ಇಳಿಬಿಟ್ಟ ಹಗ್ಗದ ಹಾಗೆ ಜೋತುಬಿಟ್ಟು ಮೆಲ್ಲಗೆ ತೂಗುವುದು. ಇದಕ್ಕೂ ಆ ಕಾಡ್‌ಮನ್ ಹೆಸರೇ ಇದೆ. ಗೋಡೆ ಮೇಲೆ ಬೆರಳುಗಳನ್ನು ಇರುವೆ ಹತ್ತಿದ ಹಾಗೆ ಹತ್ತಿಸುವುದು, ಎಲ್ಲಿಗೆ ನಿಂತಿತೋ ಅಲ್ಲಿ ಗುರುತು ಹಾಕುವುದು. ಅವರ ಅಂಗಡಿ ಗೋಡೆಯಲ್ಲಿ ಸೀಮೆಸುಣ್ಣದ ಗುರುತುಗಳು ತಿಂಗಳಿಂದ ತಿಂಗಳಿಗೆ ಮೇಲೆ ಹೋದವು. ಹದಿನಾಲ್ಕು ತಿಂಗಳು ಬೇಕಾಯಿತು. ಈ ಕಾಯಿಲೆ ಒಂದರಿಂದ ಮೂರು ವರ್ಷ ತಗೊಳ್ಳಬಹುದು ಅಂತ ಮೊದಲೇ ಹೇಳಿಬಿಟ್ಟರೆ ಜನ ಧೈರ್ಯವಾಗಿರುತ್ತಾರೆ. ಹೇಳದಿದ್ದರೆ ಪ್ರತಿ ತಿಂಗಳೂ ಹೊಸ ವೈದ್ಯರನ್ನು ಹುಡುಕುತ್ತಾರೆ.

ಕಪ್ ಹಾಕಿಸಿಕೊಳ್ಳುವ ಮುಂಚೆ ಕೆಲವು ಎಚ್ಚರ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ. ಗಾಯ, ಗಜ್ಜಿ, ಉಬ್ಬಿದ ರಕ್ತನಾಳದ ಮೇಲೆ ಹಾಕಿಸಬೇಡಿ. ರಕ್ತಹೀನತೆ ಇರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಮಾಡಿಸಬೇಡಿ. ರಕ್ತ ತೆಗೆಯುವ ಕಡೆ ಬ್ಲೇಡ್ ಹೊಸದು, ಕಪ್ ಹೊಸದು, ನಿಮ್ಮ ಕಣ್ಣೆದುರೇ ಪ್ಯಾಕೆಟ್ ಹರಿಯಲಿ. ಹೆಪಟೈಟಿಸ್ ಬಿ ಬರಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಬೆಂಕಿ ಕಪ್, ಅಂದರೆ ಸ್ಪಿರಿಟ್ ಹತ್ತಿ ಉರಿಸಿ ಹಾಕುವ ಕಪ್, ಅದರಲ್ಲಿ ಸುಟ್ಟುಕೊಂಡು ಬಂದ ಒಬ್ಬ ಹುಡುಗನ ಬೆನ್ನನ್ನು ನಾನು ನೋಡಿದ್ದೇನೆ. ಸ್ಪಿರಿಟ್ ಹತ್ತಿಯಿಂದ ತೊಟ್ಟಿಕ್ಕಿತ್ತು. ದುಂಡಗೆ ಬೊಬ್ಬೆ ಬಂದು ಮೂರು ವಾರ ಬೋರಲು ಮಲಗಿದ. ಶುಗರ್ ಇದ್ದು ಚರ್ಮದ ಸ್ಪರ್ಶ ಕಡಿಮೆಯಾದವರಿಗೆ ಸುಡುವುದು ಗೊತ್ತೇ ಆಗುವುದಿಲ್ಲ. ಅವರಿಗೆ ಬೆಂಕಿ ಕಪ್ ಬೇಡವೇ ಬೇಡ.

ಕೊನೆಗೆ ಎದ್ದು ನಿಂತವರು ನಿವೃತ್ತ ಮೇಷ್ಟ್ರು. "ನಾಳೆ ಹತ್ತು ಗಂಟೆಗೆ ನನಗೆ ಕಪ್ ಹಾಕ್ತೀನಿ ಅಂತ ಹೇಳಿದ್ದಾರಮ್ಮ, ಹೋಗಲಾ?" ಅಂದರು. ಮಾತ್ರೆ ಏನೇನು ತಗೊಳ್ತೀರಾ ಸರ್ ಅಂತ ಕೇಳಿದೆ. ಜೇಬಿನಿಂದ ಚೀಟಿ ತೆಗೆದುಕೊಟ್ಟರು. ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದೆ, ರಕ್ತ ತೆಳು ಮಾಡುವ ಎರಡು ಮಾತ್ರೆ ನಡೆಯುತ್ತಿವೆ. ಕಪ್ ಹಾಕುವವರು ಇದನ್ನು ಕೇಳಿರಲಿಲ್ಲ, ಇವರೂ ಹೇಳಿರಲಿಲ್ಲ. ನಾಳೆಯದು ಬೇಡ ಸರ್, ಮೊದಲು ನಿಮ್ಮ ಹೃದಯದ ಡಾಕ್ಟರಿಗೆ ಈ ನೋವಿನ ವಿಷಯ ಹೇಳಿ ಅಂದೆ. ಆಮೇಲೆ ವೇದಿಕೆ ಹತ್ತಿರ ಕರೆದು ಕೈ ಅಳೆದೆ. ಬಲಗೈ ಹೊರಕ್ಕೆ ಅರ್ಧ ಮಾತ್ರ ತಿರುಗುತ್ತಿತ್ತು. ಮೈಕ್ ಇಟ್ಟಿದ್ದ ಟೇಬಲ್‌ನ ಅಂಚನ್ನು ಎಡಗೈಯಲ್ಲಿ ಹಿಡಿದು ಬಗ್ಗಿ, ಬಲ ತೋಳನ್ನು ಸುಮ್ನೆ ಜೋತುಬಿಟ್ಟರು. ಮೊದಲು ಬಿಗಿ ಹಿಡಿದಿದ್ದರು. ನೆಲದ ಕಡೆ ನೋಡಿ ಸರ್, ಕೈ ಮರೆತುಬಿಡಿ ಅಂದೆ. ಸ್ವಲ್ಪ ಹೊತ್ತಿಗೆ ತೋಳು ತಾನಾಗೇ ಅತ್ತಿತ್ತ ತೂಗತೊಡಗಿತು.